ಒಂದು ಓವರ್, 17 ರನ್

2019ರ ಆಗಸ್ಟ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಶಿವಮೊಗ್ಗ ಲಯನ್ಸ್‌ಗೆ ಬಂದ ಗತಿ ಶತ್ರುವಿಗೂ ಬೇಡ. ಬಳ್ಳಾರಿ ಟಸ್ಕರ್ಸ್‌ನ ಕೆ. ಗೌತಮ್ 56 ಎಸೆತಗಳಲ್ಲಿ ಅಜೇಯ 134 ರನ್ ಚಚ್ಚಿದರು. ಸಿಕ್ಸರ್‌ಗಳೇ 13. ಸಾಲದ್ದಕ್ಕೆ ನಾಲ್ಕು ಓವರ್ ಆಫ್‌ಸ್ಪಿನ್ ಹಾಕಿ 15 ರನ್ನಿಗೆ 8 ವಿಕೆಟ್ ಕಿತ್ತರು. ಕರ್ನಾಟಕ ಪ್ರೀಮಿಯರ್ ಲೀಗ್‌ಗೆ (ಕೆಪಿಎಲ್) ಅಧಿಕೃತ ಟಿ20 ಮಾನ್ಯತೆ ಇರಲಿಲ್ಲವಾದ್ದರಿಂದ ಆ ಅಂಕಿಗಳು ದಾಖಲೆ ಪುಸ್ತಕಕ್ಕೆ ಸೇರಲಿಲ್ಲ, ಅಷ್ಟೇ. ಮೂರು ವರ್ಷದ ನಂತರ, 2022ರ ಆಗಸ್ಟ್‌ನಲ್ಲಿ, ಶಿವಮೊಗ್ಗದ ಹೆಸರು ಹೊತ್ತ ಇನ್ನೊಂದು ತಂಡ ಮೈದಾನಕ್ಕಿಳಿಯಿತು: ಶಿವಮೊಗ್ಗ ಸ್ಟ್ರೈಕರ್ಸ್. ಅದರ ನಾಯಕ ಯಾರು? ಇದೇ ಗೌತಮ್.

ಗೌತಮ್ ಬೆಂಗಳೂರಿನವರು. ಶಿವಮೊಗ್ಗದ ಮೇಲೆ ಹಗೆಯಿಂದ ಹೊಡೆದವರೂ ಅಲ್ಲ, ಪ್ರೀತಿ ಉಕ್ಕಿ ಬಂದವರೂ ಅಲ್ಲ. ಒಮ್ಮೆ ಆ ಕಡೆಯ ಪಾಲಿಗೆ ಹೋಗಿದ್ದರು, ಇನ್ನೊಮ್ಮೆ ಈ ಕಡೆಯ ಪಾಲಿಗೆ ಬಂದರು. ಆಟಗಾರನನ್ನು ಊರು ಹುಟ್ಟಿಸಿ ಬೆಳೆಸುವುದಕ್ಕೂ ಊರಿನ ತಂಡದ ಪಾಲಿಗೆ ಆಟಗಾರ ಬರುವುದಕ್ಕೂ ನಡುವೆ ಒಂದು ದೊಡ್ಡ ಯಂತ್ರ ಬಂದು ಕೂತಿದೆ. ಅದು ಹೇಗೆ ಬಂತು ಎಂಬುದನ್ನು ಭದ್ರಾವತಿಯಿಂದಲೇ ಶುರು ಮಾಡೋಣ.

ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ, 1949ರ ಫೆಬ್ರುವರಿ 12ರಂದು. ಬೆಳೆದದ್ದು ಬೆಂಗಳೂರಿನಲ್ಲಿ. 1967ರಲ್ಲಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ಮೈಸೂರು ತಂಡದ ಪರ ರಣಜಿಗೆ ಕಾಲಿಟ್ಟಾಗ ವಯಸ್ಸು 18. ಮೊದಲ ಪಂದ್ಯದಲ್ಲೇ 230 ರನ್. ಎರಡು ವರ್ಷ ಕಳೆದು ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್‌ಗೆ ಇಳಿದು ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದರು, ಎರಡನೆಯದರಲ್ಲಿ 137 ಹೊಡೆದರು. ಸೊನ್ನೆ ಸುತ್ತಿ ಬಂದ ಹುಡುಗನಿಗೆ ನಾಯಕ ಪಟೌಡಿ ಧೈರ್ಯ ತುಂಬಿದ ಕಥೆ ಕ್ರಿಕೆಟ್ ಬಲ್ಲವರಿಗೆಲ್ಲ ಬಾಯಿಪಾಠ. ಈ ದಾರಿಯಲ್ಲಿ ಅವರಿಗೆ ಯಾರೂ ಬೆಲೆ ಕಟ್ಟಲಿಲ್ಲ. ಆಯ್ಕೆದಾರರು ಕ್ಲಬ್ ಪಂದ್ಯ ನೋಡುತ್ತಿದ್ದರು, ಒಳಗೊಳಗೇ ಮಾತಾಡಿಕೊಳ್ಳುತ್ತಿದ್ದರು, ಪಟ್ಟಿ ಹೊರಬೀಳುತ್ತಿತ್ತು. ದುಡ್ಡು ಆಟದಿಂದಲ್ಲ, ಕೆಲಸದಿಂದ ಬರಬೇಕಿತ್ತು. ವಿಶ್ವನಾಥ್ ಕೂಡ ಸ್ಟೇಟ್ ಬ್ಯಾಂಕಿನ ನೌಕರರಾಗಿದ್ದವರೇ. 1923ರಲ್ಲಿ ಕಬ್ಬಿಣ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಾಗಿನಿಂದ ‘ಪರ್ಮನೆಂಟ್ ಕೆಲಸ’ವೇ ದೊಡ್ಡ ಮಾತಾಗಿದ್ದ ಭದ್ರಾವತಿಯಂಥ ಊರಿನ ಮನೆಗಳಲ್ಲಿ, ಆಡುವ ಮಗನಿಗೆ ಕೇಳುತ್ತಿದ್ದದ್ದು ಒಂದೇ: ಆಟದಿಂದ ಎಲ್ಲಾದರೂ ನೌಕರಿ ಸಿಗುತ್ತೇನಪ್ಪಾ? ಈಗಲೂ ಕೇಳುತ್ತಾರೆ, ಆ ಮಾತು ಬೇರೆ.

ಆ ಯಂತ್ರದ ಒಂದು ಭಾಗ, ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ‘ಡ್ರಾಫ್ಟ್’, ಅಮೆರಿಕದ ಫುಟ್‌ಬಾಲಿನಿಂದ ಬಂದದ್ದು. ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರ ಆಟ. 1930ರ ದಶಕದಲ್ಲಿ ಫಿಲಡೆಲ್ಫಿಯಾ ತಂಡದ ಒಡೆಯ ಬರ್ಟ್ ಬೆಲ್‌ಗೆ ಒಂದು ಸಂಕಟವಿತ್ತು. ಕಾಲೇಜು ಮುಗಿಸಿದ ಒಳ್ಳೆಯ ಹುಡುಗರೆಲ್ಲ ಗೆಲ್ಲುವ ಶ್ರೀಮಂತ ತಂಡಗಳಿಗೇ ಹೋಗುತ್ತಿದ್ದರು. ಸೋಲುವ ತಂಡ ಸೋಲುತ್ತಲೇ ಇರುತ್ತಿತ್ತು. ಕಳೆದ ವರ್ಷ ಎಲ್ಲರಿಗಿಂತ ಕೆಳಗಿದ್ದವರು ಮೊದಲು ಆರಿಸಲಿ ಎಂದು ಬೆಲ್ ಸೂಚಿಸಿದರು, ಉಳಿದ ಒಡೆಯರು ಒಪ್ಪಿದರು. 1936ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಅಂದು ಮೊದಲಿಗನಾಗಿ ಆಯ್ಕೆಯಾದ ಜೇ ಬರ್ವಾಂಗರ್ ಮುಂದೆ ವೃತ್ತಿಪರ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ವ್ಯವಸ್ಥೆಗೆ ಶಕುನ ಚೆನ್ನಾಗಿರಲಿಲ್ಲ ಎನ್ನಬೇಕು, ಆದರೂ ಅದು ಉಳಿಯಿತು, ಬೆಳೆಯಿತು.

ಬೆಳೆದಂತೆ ಪ್ರಶ್ನೋತ್ತರವೂ ಸೇರಿಕೊಂಡಿತು. ಈಗ ಪ್ರತಿ ವರ್ಷ ಡ್ರಾಫ್ಟ್‌ಗೆ ಮುಂಚೆ ಹುಡುಗರನ್ನು ಇಂಡಿಯಾನಾಪೊಲಿಸ್‌ಗೆ ಕರೆಸಿ ಎತ್ತರ ಅಳೆಯುತ್ತಾರೆ, ಓಡಿಸಿ ನೋಡುತ್ತಾರೆ, ಆಮೇಲೆ ಒಂದು ಕೋಣೆಯಲ್ಲಿ ತಂಡದವರು ಎದುರು ಕೂರಿಸಿಕೊಂಡು ಕೇಳುತ್ತಾರೆ. ಎದುರಾಳಿ ಹೀಗೆ ನಿಂತರೆ ಎತ್ತ ಓಡುತ್ತೀಯ? ಕಾಲೇಜಿನಲ್ಲಿ ಆ ಗಲಾಟೆ ಯಾಕಾಯಿತು? ಎಲ್ಲೆ ದಾಟಿದ್ದೂ ಉಂಟು. 2010ರಲ್ಲಿ ಮಯಾಮಿ ತಂಡದ ಮುಖ್ಯಸ್ಥ ಜೆಫ್ ಐರ್‌ಲ್ಯಾಂಡ್, ಡೆಜ್ ಬ್ರಯಾಂಟ್ ಎಂಬ ಹೊಸ ಆಟಗಾರನನ್ನು ಆತನ ತಾಯಿಯ ಶೀಲದ ಬಗ್ಗೆ ಕೇಳಿ, ಸುದ್ದಿ ಹೊರಬಿದ್ದ ಮೇಲೆ ಕ್ಷಮೆ ಕೋರಬೇಕಾಯಿತು. ಬ್ರಯಾಂಟ್‌ನನ್ನು ಕೊನೆಗೆ ಡಲ್ಲಾಸ್ ತಂಡ ತೆಗೆದುಕೊಂಡಿತು. ಕೋಟಿಗಟ್ಟಲೆ ಸುರಿಯುವವರು ಹುಡುಗನ ಗುಣ ನೋಡುವುದು ಸರಿಯೇ. ಆದರೆ ದುಡ್ಡು ಕೊಡುವ ಕೈಗೆ ಮನೆಯ ಒಳಗೂ ಕೈಹಾಕುವ ಹಕ್ಕಿದೆ ಅನ್ನಿಸತೊಡಗಿದರೆ ಹೀಗಾಗುತ್ತದೆ.

ನಮ್ಮಲ್ಲಿ ಐಪಿಎಲ್ ಶುರುವಾದ 2008ರಲ್ಲಿ ಮೊದಲು ಬಂದದ್ದು ಹರಾಜು. ಫೆಬ್ರುವರಿ 20ರಂದು ಮುಂಬೈಯಲ್ಲಿ ಧೋನಿ 15 ಲಕ್ಷ ಡಾಲರ್‌ಗೆ ಚೆನ್ನೈ ಪಾಲಾದರು. ಆದರೆ ಅದೇ ವರ್ಷದ ಮಾರ್ಚ್‌ನಲ್ಲಿ, ಮಲೇಷ್ಯಾದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ಹಂಚಿಕೊಂಡದ್ದು ಡ್ರಾಫ್ಟ್ ಮೂಲಕ. ದೆಹಲಿಯವರು ತಮ್ಮೂರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಬೌಲರ್ ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿದರು. ಬೆಂಗಳೂರು 30,000 ಡಾಲರ್‌ಗೆ ಕೊಹ್ಲಿಯನ್ನು ಪಡೆಯಿತು. ನಮ್ಮ ಮನೀಶ್ ಪಾಂಡೆ ಮುಂಬೈಗೆ ಹೋದರು. ಕೊಹ್ಲಿ ಬೆಂಗಳೂರಿನ ಮನೆಮಗನಾದದ್ದರ ಹಿಂದೆ ಇರುವುದು ದೆಹಲಿಯ ಆ ಒಂದು ಲೆಕ್ಕಾಚಾರ.

ಕರ್ನಾಟಕದ ಕೆಪಿಎಲ್ 2009ರಲ್ಲಿ ಹುಟ್ಟಿ, 2019ರ ಫಿಕ್ಸಿಂಗ್ ಪ್ರಕರಣದಲ್ಲಿ ಆಟಗಾರರೇ ಬಂಧನಕ್ಕೊಳಗಾಗುವುದರೊಂದಿಗೆ ನಿಂತುಹೋಯಿತು. ನಂತರ ಕೋವಿಡ್. 2022ರಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆ ತನ್ನ ಮಾಜಿ ಅಧ್ಯಕ್ಷ, ದಿವಂಗತ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ನೆನಪಿನಲ್ಲಿ ಮಹಾರಾಜ ಟ್ರೋಫಿ ಆರಂಭಿಸಿದಾಗ, ಹಿಂದಿನ ಕಹಿಯ ಕಾರಣಕ್ಕೋ ಏನೋ, ಮೊದಲ ಸಲ ತಂಡಗಳಿಗೆ ಮಾಲೀಕರನ್ನೇ ಇಟ್ಟುಕೊಳ್ಳಲಿಲ್ಲ. ಆರು ತಂಡಗಳಿಗೆ ಪ್ರಾಯೋಜಕರು ಮಾತ್ರ. ಆಟಗಾರರನ್ನು ದರ್ಜೆಗಳಾಗಿ ವಿಂಗಡಿಸಿ, ದರ್ಜೆಗೆ ಇಷ್ಟು ಎಂದು ಸಂಭಾವನೆ ಗೊತ್ತುಮಾಡಿ, ತರಬೇತುದಾರರು ಸರದಿಯಂತೆ ಆರಿಸಿಕೊಂಡರು. ಶಿವಮೊಗ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಪಿಎಂಸಿ ಯಾರ್ಡಿನಲ್ಲಿ ಅಡಿಕೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆಬೇರೆಯಾಗಿ ಕೂತಿರುವುದನ್ನು ಕಂಡವರಿಗೆ ‘ಎ’ ದರ್ಜೆ, ‘ಬಿ’ ದರ್ಜೆ ಹೊಸದಲ್ಲ. ದರ ನಿಗದಿಯಾಗಿರುವುದಷ್ಟೇ ಹೊಸದು. ಅದೂ ಒಂದೇ ವರ್ಷ ಬಾಳಿತು. 2023ರಲ್ಲಿ ಮಾಲೀಕರು ಮರಳಿದರು, ಹರಾಜೂ ಮರಳಿತು. ತಂಡಕ್ಕೆ ತಲಾ 50 ಲಕ್ಷ ರೂಪಾಯಿ. ಅದರಲ್ಲಿ 15 ಲಕ್ಷವನ್ನು, ಹಳೆಯ ಹೆಸರಿಗೆ ಮರಳಿದ್ದ ಶಿವಮೊಗ್ಗ ಲಯನ್ಸ್ ಅಭಿನವ್ ಮನೋಹರ್ ಒಬ್ಬರ ಮೇಲೆಯೇ ಸುರಿಯಿತು. ಅವರೂ ಬೆಂಗಳೂರಿನವರೇ.

ಡ್ರಾಫ್ಟ್ ಇದ್ದದ್ದೇ ವಾಸಿಯಿತ್ತು ಎಂಬುದು ನನ್ನ ಅಭಿಪ್ರಾಯ. ಹರಾಜಿನಲ್ಲಿ ಒಬ್ಬ ತಾರೆಗೆ ಕಾಲು ಭಾಗಕ್ಕಿಂತ ಹೆಚ್ಚು ಹಣ ಹೋದರೆ ಕೊನೆಯ ಹೆಸರುಗಳಿಗೆ ಉಳಿಯುವುದು ಚಿಲ್ಲರೆ. 2024ರಲ್ಲಿ ರಾಹುಲ್ ದ್ರಾವಿಡ್ ಮಗ ಸಮಿತ್‌ನನ್ನೇ ಮೈಸೂರು ವಾರಿಯರ್ಸ್ ಕೊಂಡದ್ದು 50 ಸಾವಿರಕ್ಕೆ.

ಹಾಗಾದರೆ ಹರಾಜಿಗೆ ಮುಂಚೆ ನಮ್ಮ ಹುಡುಗರನ್ನು ಏನು ಕೇಳುತ್ತಾರೆ? ಐಪಿಎಲ್ ತಂಡಗಳು ಪ್ರತಿಭೆ ಹುಡುಕುವವರನ್ನು ಸಂಬಳ ಕೊಟ್ಟು ಇಟ್ಟುಕೊಂಡಿವೆ. ನಮ್ಮ ಪಕ್ಕದ ದಾವಣಗೆರೆಯ ಆರ್. ವಿನಯ್ ಕುಮಾರ್ 2021ರಲ್ಲಿ ಮುಂಬೈ ಇಂಡಿಯನ್ಸ್‌ಗೆ ಇದೇ ಕೆಲಸಕ್ಕೆ ಸೇರಿದರು. (ಅವರು ಹುಟ್ಟಿದ್ದೂ ಫೆಬ್ರುವರಿ 12, ವಿಶ್ವನಾಥ್ ಹುಟ್ಟಿದ ದಿನವೇ. ಜ್ಯೋತಿಷಿಗಳು ಗಮನಿಸಲಿ.) ಇವರೆಲ್ಲ ಆಟ ನೋಡಿ ಟ್ರಯಲ್ಸ್‌ಗೆ ಕರೆಸುತ್ತಾರೆ, ಅಲ್ಲಿ ಪ್ರಶ್ನೆ ಬಾಯಲ್ಲಿ ಬರುವುದಕ್ಕಿಂತ ಚೆಂಡಿನಲ್ಲಿ ಬರುವುದೇ ಹೆಚ್ಚು. ಬಿಹಾರದ ವೈಭವ್ ಸೂರ್ಯವಂಶಿಗೆ ನಾಗ್ಪುರದ ಟ್ರಯಲ್ಸ್‌ನಲ್ಲಿ ರಾಜಸ್ಥಾನ ತಂಡದ ಬ್ಯಾಟಿಂಗ್ ಕೋಚ್ ವಿಕ್ರಮ್ ರಾಥೋಡ್ ಕೊಟ್ಟ ಸವಾಲನ್ನು ಹುಡುಗನ ತಂದೆಯೇ ಹೇಳಿಕೊಂಡಿದ್ದಾರೆ: ಒಂದು ಓವರ್, 17 ರನ್ ಬೇಕು. ಹುಡುಗ ಮೂರು ಸಿಕ್ಸರ್ ಎತ್ತಿ ಉತ್ತರ ಕೊಟ್ಟ. 2024ರ ನವೆಂಬರ್‌ನಲ್ಲಿ, ಇನ್ನೂ 13ರ ಹರೆಯದಲ್ಲಿ, 1.10 ಕೋಟಿಗೆ ಮಾರಾಟವಾದ.

ಅದೇ ವರ್ಷದ ಜನವರಿಯಲ್ಲಿ ಶಿವಮೊಗ್ಗದ ನವುಲೆ ಮೈದಾನದಲ್ಲಿ ಬೇರೆಯದೇ ಬಗೆಯ ಉತ್ತರವೊಂದು ಸಿದ್ಧವಾಗಿತ್ತು. 19 ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿ ಫೈನಲ್, ಎದುರಾಳಿ ಮುಂಬೈ. ಕರ್ನಾಟಕದ ಆರಂಭಿಕ ಬ್ಯಾಟರ್ ಪ್ರಖರ್ ಚತುರ್ವೇದಿ 638 ಎಸೆತ ಎದುರಿಸಿ ಅಜೇಯ 404 ರನ್ ಗಳಿಸಿದರು. ಈ ಟೂರ್ನಿಯ ಫೈನಲ್‌ನಲ್ಲಿ ಯಾರೂ 400 ಮುಟ್ಟಿರಲಿಲ್ಲ. 1999ರಲ್ಲಿ ಧೋನಿ ಆಡುತ್ತಿದ್ದ ಬಿಹಾರದ ವಿರುದ್ಧ ಯುವರಾಜ್ ಸಿಂಗ್ ಹೊಡೆದಿದ್ದ 358 ರನ್ ಹಿಂದೆ ಬಿತ್ತು. ಕರ್ನಾಟಕ 8 ವಿಕೆಟ್‌ಗೆ 890 ರನ್ ಮಾಡಿ ಮೊದಲ ಬಾರಿ ಕಪ್ ಎತ್ತಿತು. ಟಿ20ಯಲ್ಲಿ ಇಡೀ ತಂಡಕ್ಕೆ ಸಿಗುವುದು 120 ಎಸೆತ. ಆ ಹುಡುಗ ಒಬ್ಬನೇ ಐದು ಟಿ20 ಇನಿಂಗ್ಸ್‌ಗಿಂತ ಹೆಚ್ಚು ಚೆಂಡು ಆಡಿದ್ದ. ಹರಾಜಿನ ಮೇಜಿನ ಮುಂದೆ ಕೂತವರು ಕೇಳುವ ಪ್ರಶ್ನೆಗೆ ಇದು ಉತ್ತರವಲ್ಲ. ಇದನ್ನು ಕೇಳುವವರು ಆಯ್ಕೆ ಸಮಿತಿಯ ಹಳೆಯ ಜನ, ರಣಜಿ ಮತ್ತು ಟೆಸ್ಟ್ ಇರುವ ತನಕ ಇರುವವರು.

ಇನ್ನೂ ಒಂದು ವಿಚಿತ್ರ. ಈ ಫೈನಲ್ ನವುಲೆಯಲ್ಲಿ ನಡೆಯಿತು, 2020ರಲ್ಲಿ ಕರ್ನಾಟಕ-ಮಧ್ಯಪ್ರದೇಶ ರಣಜಿ ಪಂದ್ಯವೂ ನಡೆದಿತ್ತು. ಆದರೆ ಶಿವಮೊಗ್ಗದ ಹೆಸರಿನ ತಂಡ ಮಹಾರಾಜ ಟ್ರೋಫಿಯ ಮೊದಲ ನಾಲ್ಕು ಋತುಗಳಲ್ಲಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಆಡಿತು, ಶಿವಮೊಗ್ಗದಲ್ಲಿ ಒಮ್ಮೆಯೂ ಇಲ್ಲ. ತಂಡದ ಸೀಮೆಯ ಕೆಲವರನ್ನಾದರೂ ಸೇರಿಸಿಕೊಳ್ಳಬೇಕೆಂಬ ನಿಯಮ ಹರಾಜಿನಲ್ಲಿದೆ, ಅಷ್ಟರ ಮಟ್ಟಿಗೆ ಸಮಾಧಾನ. ಭದ್ರಾವತಿಯ ಹುಡುಗನೊಬ್ಬನಿಗೆ ಮೊದಲು ಎದುರಾಗುವ ಪ್ರಶ್ನೆ ಇಂದಿಗೂ ಬೆಲೆಯದ್ದಲ್ಲ: ಯಾವ ಕ್ಲಬ್, ಯಾವ ಡಿವಿಷನ್, ಶಿವಮೊಗ್ಗ ವಲಯದ ತಂಡದಲ್ಲಿ ಆಡಿದ್ದೀಯಾ? ಅದನ್ನು ದಾಟಿದರೆ ತಾನೆ ಹರಾಜಿನ ಪಟ್ಟಿ.

15 ಲಕ್ಷದ ಅಭಿನವ್ ಮನೋಹರ್ ಏನಾದರು? 2024ರಲ್ಲಿ ಶಿವಮೊಗ್ಗ ಲಯನ್ಸ್ ಸೆಮಿಫೈನಲ್‌ಗೂ ತಲುಪಲಿಲ್ಲ. ಅವರು ಮಾತ್ರ ಹತ್ತು ಪಂದ್ಯಗಳಲ್ಲಿ 507 ರನ್ ಬಾರಿಸಿದರು, 52 ಸಿಕ್ಸರ್ ಸೇರಿ. ನವೆಂಬರ್‌ನಲ್ಲಿ ಜೆದ್ದಾದ ಐಪಿಎಲ್ ಹರಾಜಿನಲ್ಲಿ ಅವರ ಮೂಲ ಬೆಲೆ 30 ಲಕ್ಷ ಇತ್ತು, ಹೈದರಾಬಾದ್ 3.20 ಕೋಟಿ ಕೊಟ್ಟು ಕೊಂಡಿತು.