ಲೆಕ್ಕಕ್ಕಿಂತ ಮೊದಲು ನೆಲ

ವಾಣಿಜ್ಯ ಕಟ್ಟಡಗಳಿಗೆ ಬಂಡವಾಳ ಹೂಡಿ ನಡೆಸುವ ವಿದ್ಯೆಗೆ ಈಗ ಪ್ರತ್ಯೇಕ ತರಬೇತಿಗಳಿವೆ. ನಮ್ಮ ಮಕ್ಕಳೂ ಕಲಿಯಲಿ. ಆದರೆ ಮೊದಲ ಪಾಠಕ್ಕೆ ಅವರನ್ನು ನೀಲಗಿರಿಯ ಮಸಿನಗುಡಿಗೆ ಕಳುಹಿಸಬೇಕೆಂದು ನಮಗನಿಸುತ್ತದೆ.

ಅಲ್ಲಿನ ಸೀಗೂರು ಪ್ರಸ್ಥಭೂಮಿಯಲ್ಲಿ ತಮಿಳುನಾಡು ಸರಕಾರ 2010ರಲ್ಲಿ ಆನೆದಾರಿಯನ್ನು ಘೋಷಿಸಿತು. 2011ರಲ್ಲಿ ಮದರಾಸು ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2018ರಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಂತೆ ಹಲವು ರಿಸಾರ್ಟುಗಳಿಗೆ ಬೀಗಮುದ್ರೆ ಬಿತ್ತು; 2020ರ ಅಕ್ಟೋಬರ್ 14ರಂದು ಹೈಕೋರ್ಟಿನ ತೀರ್ಪೇ ಸ್ಥಿರಗೊಂಡಿತು. ಕೋಣೆಗೆ ಬೀಗ ಬಿದ್ದರೂ ಸಾಲದ ಬಡ್ಡಿಗೆ ಬೀಗವಿಲ್ಲವಷ್ಟೆ!

ಗೂಡಲೂರಿನಲ್ಲಾದರೋ, 1969ರ ಜನ್ಮಂ ಎಸ್ಟೇಟು ರದ್ದತಿ ಕಾಯಿದೆಯ ಮೇಲಣ ವ್ಯಾಜ್ಯಗಳು ದಶಕಗಳ ಕಾಲ ನಡೆದುವು. (ಜನ್ಮಿಗಳ ಕಾಗದಪತ್ರದ ತೊಡಕು ನಮ್ಮವರಿಗೆ ಹೊಸತಲ್ಲ.)

ಶುಲ್ಕ ಕಟ್ಟುವ ಮುನ್ನ ಹೆತ್ತವರು ಒಂದು ಮಾತು ಕೇಳಲಿ: ಬಾಡಿಗೆ, ಕಂತುಗಳ ಲೆಕ್ಕದೊಡನೆ ಹಕ್ಕುಪತ್ರವನ್ನೂ ಅರಣ್ಯದ ನಕ್ಷೆಯನ್ನೂ ಓದಲು ಕಲಿಸುವಿರಾ?