ಕೆಟ್ಟಿರುವುದು ರ‍್ಯಾಮೋ, ಶ್ರುತಿಯೋ?

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: ಅವರದು ಏಳೆಂಟು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. ಹೊಸ ಪ್ರೊಸೆಸರ್ ಹಾಕಿಸೋಣವೆಂದು ಮದರ್‌ಬೋರ್ಡಿನ ಬಯಾಸ್ ಅಪ್‌ಡೇಟ್ ಮಾಡಿದರು. ಅಂದಿನಿಂದ ತೊಂದರೆ ಶುರು. 16 ಜಿಬಿ ರ‍್ಯಾಮ್ ಇರುವ ಕಡೆ ಕೆಲವೊಮ್ಮೆ 8 ಜಿಬಿ ಮಾತ್ರ ಕಾಣುತ್ತದೆ, ಯಂತ್ರ ನಿಧಾನವಾಗಿದೆ, ಆಗಾಗ ನೀಲಿ ಪರದೆ ಬಂದು ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ರಿಪೇರಿಯವರು ‘ರ‍್ಯಾಮ್ ಹೋಗಿದೆ, ಬದಲಾಯಿಸಿ’ ಎಂದಿದ್ದಾರೆ. ನಿನ್ನೆಯ ತನಕ ಚೆನ್ನಾಗಿದ್ದ ರ‍್ಯಾಮ್, ಬಯಾಸ್ ಬದಲಾದ ಮಾತ್ರಕ್ಕೆ ಹೋಗಿಬಿಡುತ್ತದೆಯೇ?

ಹೋಗುವ ಸಂಭವ ತೀರಾ ಕಡಿಮೆ. ಅಪ್‌ಡೇಟ್ ಆದ ಮರುಗಳಿಗೆಯೇ ತೊಂದರೆ ಕಾಣಿಸಿಕೊಂಡಿದ್ದರೆ ಮೊದಲು ಅನುಮಾನಿಸಬೇಕಾದದ್ದು ರ‍್ಯಾಮಿಗೂ ಬೋರ್ಡಿಗೂ ನಡುವಿನ ಹೊಂದಾಣಿಕೆಯನ್ನು. ಆ ಹೊಂದಾಣಿಕೆ ಎಷ್ಟು ನಾಜೂಕಿನದು ಎಂದು ತಿಳಿಯಲು ರ‍್ಯಾಮಿನ ಹುಟ್ಟಿನ ಕತೆಗೇ ಹೋಗಬೇಕು.

1966ರಲ್ಲಿ ಐಬಿಎಂನ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಡೆನಾರ್ಡ್ ಎಂಬ ಎಂಜಿನಿಯರ್ ಇದ್ದರು. ಅವರ ತಂಡ ಒಂದೊಂದು ಬಿಟ್ ಹಿಡಿದಿಡಲು ಆರು ಟ್ರಾನ್ಸಿಸ್ಟರ್‌ಗಳನ್ನು ಬಳಸುವ ಮೆಮೊರಿಯ ಮೇಲೆ ಕೆಲಸ ಮಾಡುತ್ತಿತ್ತು. ಒಂದು ದಿನ ಕಾಂತೀಯ ಮೆಮೊರಿಯವರ ಭಾಷಣ ಕೇಳಿದ ಡೆನಾರ್ಡ್‌ಗೆ ಅವರ ವಿನ್ಯಾಸ ತಮ್ಮದಕ್ಕಿಂತ ಎಷ್ಟೋ ಸರಳ ಅನ್ನಿಸಿತು. ಅದೇ ಸಂಜೆ ಮನೆಯಲ್ಲಿ ಕೂತಾಗ ಹೊಳೆದದ್ದು ಇಷ್ಟು: ಬಿಟ್ ಒಂದಕ್ಕೆ ಒಂದೇ ಟ್ರಾನ್ಸಿಸ್ಟರ್, ಒಂದೇ ಪುಟ್ಟ ಕೆಪಾಸಿಟರ್ ಸಾಕು. ಕೆಪಾಸಿಟರಿನಲ್ಲಿ ವಿದ್ಯುದಂಶ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. 1968ರಲ್ಲಿ ಪೇಟೆಂಟ್ ಸಿಕ್ಕಿತು. 1970ರಲ್ಲಿ ಇಂಟೆಲ್ 1103 ಎಂಬ ಚಿಪ್ ಮಾರುಕಟ್ಟೆಗೆ ತಂದಿತು. ಅದರಲ್ಲಿ ಬಿಟ್ಟಿಗೆ ಮೂರು ಟ್ರಾನ್ಸಿಸ್ಟರ್ ಇದ್ದವು, ಹಿಡಿಯುತ್ತಿದ್ದದ್ದು 1,024 ಬಿಟ್. ಆಮೇಲೆ ಬಂದ ಚಿಪ್‌ಗಳು ಡೆನಾರ್ಡ್ ದಾರಿಯನ್ನೇ ಹಿಡಿದವು. ಅವರು 2024ರಲ್ಲಿ ತೀರಿಕೊಂಡರು. ಇಂದು ಪ್ರತಿ ಕಂಪ್ಯೂಟರ್, ಪ್ರತಿ ಮೊಬೈಲಿನ ಮುಖ್ಯ ಮೆಮೊರಿ ಅವರ ಆ ಸಂಜೆಯ ಯೋಚನೆಯ ಮೇಲೆ ನಿಂತಿದೆ. ಇಷ್ಟು ಸರಳವಾದ, ಇಷ್ಟು ದೂರ ಬಂದ ಇನ್ನೊಂದು ವಿನ್ಯಾಸ ಕಂಪ್ಯೂಟರಿನೊಳಗೆ ನನಗೆ ಕಾಣುವುದಿಲ್ಲ.

ಆದರೆ ಆ ಸರಳತೆಗೆ ಬೆಲೆಯಿದೆ. 8 ಜಿಬಿಯ ಒಂದು ರ‍್ಯಾಮಿನಲ್ಲಿ ಸುಮಾರು 6,870 ಕೋಟಿ ಕೆಪಾಸಿಟರ್‌ಗಳಿರುತ್ತವೆ. ಒಂದೊಂದೂ ಹಿಡಿಯುವುದು ಹತ್ತಾರು ಸಾವಿರ ಎಲೆಕ್ಟ್ರಾನ್‌ಗಳನ್ನಷ್ಟೇ. ಅವೂ ಸೋರಿ ಹೋಗುತ್ತಲೇ ಇರುತ್ತವೆ. ಹಾಗಾಗಿ ಕೆಪಾಸಿಟರ್‌ಗಳ ಪ್ರತಿ ಸಾಲನ್ನೂ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಓದಿ ಮತ್ತೆ ತುಂಬಬೇಕು. ಇದೇ ರಿಫ್ರೆಶ್. ಅದು ಎಷ್ಟು ಸಲ ಆಗಬೇಕು, ಎಷ್ಟು ವೋಲ್ಟೇಜ್ ಕೊಡಬೇಕು, ಕೇಳಿದ ಎಷ್ಟು ಹೊತ್ತಿಗೆ ಉತ್ತರ ನಿರೀಕ್ಷಿಸಬೇಕು ಎಂಬುದನ್ನೆಲ್ಲ ಕಂಪ್ಯೂಟರ್ ಆನ್ ಆದಾಗ ನಿಗದಿ ಮಾಡುವುದು ಬಯಾಸ್. ವಿಂಡೋಸ್ ಏಳುವುದಕ್ಕೆ ಮುಂಚೆಯೇ ಈ ಕೆಲಸ ಮುಗಿದಿರುತ್ತದೆ.

ಬಯಾಸ್ ಅಪ್‌ಡೇಟ್ ರ‍್ಯಾಮಿನ ನಡವಳಿಕೆಗೆ ಕೈ ಹಾಕುತ್ತದೆ ಎಂಬುದಕ್ಕೆ ಸ್ಪಷ್ಟ ಉದಾಹರಣೆ ಇದೆ. 2014ರಲ್ಲಿ ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಇಂಟೆಲ್‌ನ ಸಂಶೋಧಕರು 129 ಡಿಡಿಆರ್3 ರ‍್ಯಾಮ್‌ಗಳನ್ನು ಪರೀಕ್ಷಿಸಿದರು. ಒಂದೇ ಸಾಲನ್ನು ಅತಿ ವೇಗವಾಗಿ ಮತ್ತೆ ಮತ್ತೆ ತೆರೆದರೆ ಪಕ್ಕದ ಸಾಲಿನ ಬಿಟ್‌ಗಳು ಮಗುಚಿಕೊಳ್ಳುವುದು 110 ರ‍್ಯಾಮ್‌ಗಳಲ್ಲಿ ಕಂಡಿತು. ಇದಕ್ಕೆ ರೋಹ್ಯಾಮರ್ ಎಂದು ಹೆಸರಾಯಿತು. ಮರುವರ್ಷ ಗೂಗಲ್‌ನ ಭದ್ರತಾ ತಂಡ ಇದನ್ನೇ ಬಳಸಿ ಕಂಪ್ಯೂಟರಿನ ಮೇಲೆ ಹಿಡಿತ ಸಾಧಿಸಬಹುದೆಂದು ತೋರಿಸಿತು. ಆಗ ಆಪಲ್ ತನ್ನ ಮ್ಯಾಕ್‌ಗಳಿಗೆ ಕಳಿಸಿದ ಪರಿಹಾರ ಒಂದು ಫರ್ಮ್‌ವೇರ್ (ಬಯಾಸ್‌ನಂಥ ಮೂಲ ತಂತ್ರಾಂಶ) ಅಪ್‌ಡೇಟ್. ರ‍್ಯಾಮ್ ಅದೇ ಇತ್ತು, ರಿಫ್ರೆಶ್ ಮಾತ್ರ ಹೆಚ್ಚು ಸಲ ಆಗತೊಡಗಿತು.

ರಿಫ್ರೆಶ್‌ಗಿಂತಲೂ ನಾಜೂಕಿನ ಇನ್ನೊಂದು ಕೆಲಸವಿದೆ. ಎಂಜಿನಿಯರುಗಳು ಅದನ್ನು ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ನಮಗೆ ಅರ್ಥವಾಗಬೇಕಾದರೆ ಕಛೇರಿಗೆ ಮುಂಚೆ ತಂಬೂರಿ ಶ್ರುತಿ ಮಾಡುವುದನ್ನು ನೆನೆದರೆ ಸಾಕು. ತಂಬೂರಿ ಅದೇ, ತಂತಿ ಅದೇ, ನಿನ್ನೆ ಚೆನ್ನಾಗಿಯೇ ನುಡಿದಿತ್ತು. ಆದರೂ ಇಂದಿನ ಸೆಕೆಗೆ, ಇಂದಿನ ಗಾಯಕರ ಶ್ರುತಿಗೆ ಮತ್ತೆ ಕೂಡಿಸಲೇಬೇಕು. ಮೊದಲು ಬಿರಡೆ ತಿರುಗಿಸಿ ಹತ್ತಿರಕ್ಕೆ ತರುತ್ತಾರೆ. ಆಮೇಲೆ ಮಣಿ ಜಾರಿಸಿ, ಜೀವಾಳದ ದಾರ ಸರಿಸಿ ಕೂದಲೆಳೆಯಷ್ಟು ಸರಿಮಾಡುತ್ತಾರೆ. ಒಂದು ತಂತಿ ತಪ್ಪಿದರೂ ಹಾಡುವುದು ಕಷ್ಟ.

ರ‍್ಯಾಮಿಗೂ ಪ್ರೊಸೆಸರಿಗೂ ನಡುವೆ ಒಂದು ಚಾನೆಲ್‌ಗೆ 64 ದತ್ತಾಂಶದ ಗೆರೆಗಳಿವೆ. ಡಿಡಿಆರ್4-3200 ರ‍್ಯಾಮಿನಲ್ಲಿ ಪ್ರತಿ ಗೆರೆಯ ಮೇಲೂ ಸೆಕೆಂಡಿಗೆ 320 ಕೋಟಿ ಬಿಟ್‌ಗಳು ಓಡುತ್ತವೆ. ಒಂದು ಬಿಟ್ಟಿನ ಆಯುಷ್ಯ ಸುಮಾರು 312 ಪಿಕೋಸೆಕೆಂಡ್. ಬೋರ್ಡಿನ ತಾಮ್ರದ ಗೆರೆಯಲ್ಲಿ ಅಷ್ಟು ಹೊತ್ತಿನಲ್ಲಿ ಸಂಕೇತ ಐದು ಸೆಂಟಿಮೀಟರಿನಷ್ಟು ದೂರವನ್ನೂ ದಾಟುವುದಿಲ್ಲ. ಗೆರೆಗಳ ಉದ್ದದಲ್ಲಿ ಮಿಲಿಮೀಟರಿನ ವ್ಯತ್ಯಾಸವಿದ್ದರೂ ಬಿಟ್‌ಗಳು ಹಿಂದೆ ಮುಂದೆ ಆಗುತ್ತವೆ. ಸಾಲದ್ದಕ್ಕೆ ಡಿಡಿಆರ್3 ಕಾಲದಿಂದ ಗಡಿಯಾರದ ಸಂಕೇತ ರ‍್ಯಾಮಿನ ಎಲ್ಲ ಚಿಪ್‌ಗಳಿಗೆ ಒಟ್ಟಿಗೆ ತಲುಪದೆ ಒಂದಾದ ಮೇಲೊಂದಕ್ಕೆ ತಲುಪುತ್ತದೆ. ಆದ್ದರಿಂದ ಬಯಾಸ್ ಗೊತ್ತಿರುವ ಅಂಕಿಗಳನ್ನು ಬರೆದು, ಓದಿ, ಸರಿ ಬಂತೇ ಎಂದು ನೋಡಿ, ಪ್ರತಿ ಗೆರೆಗೂ ವಿಳಂಬವನ್ನು ಮೊದಲು ದಪ್ಪ ಹೆಜ್ಜೆಯಲ್ಲಿ, ಆಮೇಲೆ ಪಿಕೋಸೆಕೆಂಡುಗಳ ಸಣ್ಣ ಹೆಜ್ಜೆಯಲ್ಲಿ ಹೊಂದಿಸುತ್ತದೆ. ಹೊಂದಿದ ಮೇಲೆ ಅನೇಕ ಬೋರ್ಡ್‌ಗಳು ಆ ಅಳತೆಗಳನ್ನು ಬರೆದಿಟ್ಟುಕೊಂಡು ಮುಂದಿನ ಸಲ ಅದನ್ನೇ ಬಳಸುತ್ತವೆ. ಬೇಗ ಬೂಟ್ ಆಗುವ ಗುಟ್ಟುಗಳಲ್ಲಿ ಇದೂ ಒಂದು.

ಬಯಾಸ್ ಅಪ್‌ಡೇಟ್ ಆದಾಗ ಬರೆದಿಟ್ಟ ಅಳತೆಗಳು ಸಾಮಾನ್ಯವಾಗಿ ಹೋಗುತ್ತವೆ. ಶ್ರುತಿ ಮಾಡುವ ಕ್ರಮವೂ ಬದಲಾಗಿರಬಹುದು. ಎಎಂಡಿಯ ರೈಜನ್ ಇದಕ್ಕೆ ಸಾಕ್ಷಿ. 2017ರ ಮಾರ್ಚ್‌ನಲ್ಲಿ ಅದು ಬಿಡುಗಡೆಯಾದಾಗ ಎಷ್ಟೋ ರ‍್ಯಾಮ್‌ಗಳು ತಮ್ಮ ಮೇಲೆ ಬರೆದ ವೇಗಕ್ಕೆ ಏರುತ್ತಲೇ ಇರಲಿಲ್ಲ. ಮೇ ತಿಂಗಳಲ್ಲಿ ಎಎಂಡಿ ತನ್ನ ಮೂಲ ಫರ್ಮ್‌ವೇರಿನ ಹೊಸ ಆವೃತ್ತಿಯನ್ನು ಪ್ರಕಟಿಸಿ, ಮೆಮೊರಿಗೆ ಸಂಬಂಧಿಸಿದ 26 ಹೊಸ ಹೊಂದಿಕೆಗಳನ್ನು ಒದಗಿಸಿತು. ಬಳಿಕ ಅವೇ ಬೋರ್ಡ್‌ಗಳಲ್ಲಿ ಅವೇ ರ‍್ಯಾಮ್‌ಗಳು ಹೆಚ್ಚು ವೇಗದಲ್ಲಿ ಓಡಿದವು. ಫರ್ಮ್‌ವೇರ್ ಹೀಗೆ ಸರಿಪಡಿಸಬಲ್ಲದಾದರೆ ಕೆಡಿಸಲೂ ಬಲ್ಲದು. ಹೊಸ ಪ್ರೊಸೆಸರ್‌ಗಳಿಗಾಗಿ ತಿದ್ದಿದ ಕ್ರಮ, ಹಳೆಯ ಬೋರ್ಡಿನ ನಿಮ್ಮ ಜೋಡಿಗೆ ಸ್ವಲ್ಪ ಕಡಿಮೆ ಹೊಂದಬಹುದು. ‘ಹೊಸ ಬಯಾಸ್ ಯಾವಾಗಲೂ ಉತ್ತಮ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ಪತ್ತೆ ಹಚ್ಚುವ ಕ್ರಮ. ಅಪ್‌ಡೇಟ್ ಆದ ಮೇಲೆ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು, ಯಂತ್ರ ತಾನೇ ಒಂದೆರಡು ಸಲ ಆಫ್ ಆಗಿ ಆನ್ ಆಗಬಹುದು. ಟ್ರೈನಿಂಗ್ ನಡೆಯುತ್ತಿರುತ್ತದೆ, ಗಾಬರಿಯಿಂದ ಪವರ್ ತೆಗೆಯಬೇಡಿ.

ನಿಧಾನವಾದದ್ದಕ್ಕೆ ಕಾರಣ ಸುಲಭ. ಪ್ರತಿ ರ‍್ಯಾಮಿನ ಮೇಲೂ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇದೆ. ಎಲ್ಲರೂ ಒಪ್ಪಿದ ಸುರಕ್ಷಿತ ವೇಗ ಅದರಲ್ಲಿ ಬರೆದಿರುತ್ತದೆ. ಡಿಡಿಆರ್4ನಲ್ಲಿ ಅದು ಸಾಮಾನ್ಯವಾಗಿ 2133, 2400 ಅಥವಾ 2666, ವೋಲ್ಟೇಜ್ 1.2. ಡಬ್ಬಿಯ ಮೇಲೆ ಅಚ್ಚಾದ 3200 ಬಹಳಷ್ಟು ಸಲ ಎಕ್ಸ್‌ಎಂಪಿ ಎಂಬ ಹೆಚ್ಚಿನ ಪಟ್ಟಿಯದು, ಅದಕ್ಕೆ 1.35 ವೋಲ್ಟ್ ಬೇಕು. ಅಪ್‌ಡೇಟ್ ಸಾಮಾನ್ಯವಾಗಿ ಎಲ್ಲ ಸೆಟ್ಟಿಂಗ್‌ಗಳನ್ನೂ ಅಳಿಸುವುದರಿಂದ ಎಕ್ಸ್‌ಎಂಪಿ ಆಫ್ ಆಗಿರುತ್ತದೆ. ಒಂದು ರ‍್ಯಾಮ್ ಕಾಣದೆ ಹೋದರಂತೂ ಎರಡು ಚಾನೆಲ್‌ಗಳ ಬದಲು ಒಂದೇ ಉಳಿದು ವೇಗ ಇನ್ನೂ ಇಳಿಯುತ್ತದೆ. ಆದರೂ ಎಕ್ಸ್‌ಎಂಪಿಯನ್ನು ಈಗಲೇ ಆನ್ ಮಾಡಬೇಡಿ.

ಆಮೇಲೆ ನೋಡಬೇಕಾದದ್ದು 8 ಜಿಬಿ ಎಲ್ಲಿ ಕಾಣೆಯಾಗಿದೆ ಎಂಬುದನ್ನು. ಬಯಾಸ್ ಪುಟದಲ್ಲಿ 16 ಇದ್ದು ವಿಂಡೋಸ್‌ನಲ್ಲಿ ಮಾತ್ರ ಕಡಿಮೆಯಿದ್ದರೆ, ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ‘ಹಾರ್ಡ್‌ವೇರ್ ರಿಸರ್ವ್ಡ್’ ಎಂಬ ಅಂಕಿ ನೋಡಿ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಹೊಸ ಬಯಾಸ್ ಹೆಚ್ಚು ಪಾಲು ಕೊಟ್ಟಿರಬಹುದು, ಇಲ್ಲವೇ ಹಳೆಯ ಬೋರ್ಡ್‌ಗಳಲ್ಲಿ ‘ಮೆಮೊರಿ ರೀಮ್ಯಾಪ್’ ಎಂಬ ಸೆಟ್ಟಿಂಗ್ ಆಫ್ ಆಗಿರಬಹುದು. ಎರಡೂ ಬಯಾಸ್‌ನಲ್ಲೇ ಸರಿಯಾಗುತ್ತವೆ. ಬಯಾಸ್ ಪುಟದಲ್ಲೇ 8 ಇದ್ದರೆ ಒಂದು ರ‍್ಯಾಮ್ ಟ್ರೈನಿಂಗಿನಲ್ಲಿ ಪಾಸಾಗಿಲ್ಲದಿರುವ ಸಂಭವ ಹೆಚ್ಚು.

ಆಗ ಸೆಟ್ಟಿಂಗ್‌ಗಳ ಫೋಟೋ ತೆಗೆದುಕೊಂಡು, ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಡಿ. ಅರೆಬರೆ ಉಳಿದ ಹಳೆಯ ಹೊಂದಿಕೆಗಳು ಇದರಿಂದ ಅಳಿಯುತ್ತವೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಬಳಸುವವರು ಇದಕ್ಕೆ ಮುಂಚೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಲೇಬೇಕು. ಹಳೆಯ ಬಯಾಸ್‌ನಲ್ಲಿ ಉಳಿಸಿದ ಪ್ರೊಫೈಲನ್ನು ಹೊಸದಕ್ಕೆ ತುಂಬಬೇಡಿ, ಒಂದೊಂದಾಗಿ ಕೈಯಿಂದಲೇ ಹಾಕಿ. ರ‍್ಯಾಮ್ ತೆಗೆದಾಗ ಅದರ ಚಿನ್ನದ ಬಣ್ಣದ ಅಂಚನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ನಮ್ಮ ಕಡೆ ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ರೂಢಿ. ಅದು ತೆಳುವಾದ ಚಿನ್ನದ ಲೇಪವನ್ನು ಸವೆಸುತ್ತದೆ, ಪುಡಿ ಸ್ಲಾಟಿಗೆ ಬೀಳುತ್ತದೆ.

ನಂತರ ಒಂದೇ ರ‍್ಯಾಮ್ ಹಾಕಿ ಆನ್ ಮಾಡಿ. ನಾಲ್ಕು ಸ್ಲಾಟಿನ ಹೆಚ್ಚಿನ ಬೋರ್ಡ್‌ಗಳಲ್ಲಿ ಒಂಟಿ ರ‍್ಯಾಮಿಗೆ ಪ್ರೊಸೆಸರಿನಿಂದ ಎರಡನೆಯ ಸ್ಲಾಟ್, ಜೋಡಿಗೆ ಎರಡು ಮತ್ತು ನಾಲ್ಕನೆಯದು. ಪೆನ್‌ಡ್ರೈವಿನಿಂದ ಓಡುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ರಾತ್ರಿಯಿಡೀ ಬಿಡಿ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ. ಆಮೇಲೆ ಇನ್ನೊಂದು ರ‍್ಯಾಮ್, ಅದೇ ಸ್ಲಾಟಿನಲ್ಲಿ. ಬಳಿಕ ಎರಡನ್ನೂ ಒಂದೊಂದಾಗಿ ಇನ್ನೊಂದು ಸ್ಲಾಟಿನಲ್ಲಿ. ತಪ್ಪು ರ‍್ಯಾಮಿನ ಜೊತೆ ಓಡಾಡಿದರೆ ರ‍್ಯಾಮ್ ಕೆಟ್ಟಿದೆ. ಸ್ಲಾಟಿನಲ್ಲೇ ನಿಂತರೆ ಬೋರ್ಡ್, ಪ್ರೊಸೆಸರಿನ ಪಿನ್ ಅಥವಾ ಕೂಲರ್ ಬಿಗಿದ ಬಗೆಯನ್ನು ನೋಡಬೇಕು. ಬಿಡಿಯಾಗಿ ಎರಡೂ ಸರಿ, ಒಟ್ಟಿಗೆ ಮಾತ್ರ ತಪ್ಪು ಅಂದರೆ ಶ್ರುತಿಯದೇ ತೊಂದರೆ. ಎಲ್ಲವೂ ಸರಿಹೋದ ಮೇಲಷ್ಟೇ ಎಕ್ಸ್‌ಎಂಪಿ ಆನ್ ಮಾಡಿ ಮತ್ತೆ ಪರೀಕ್ಷಿಸಿ. 3200ರಲ್ಲಿ ತಪ್ಪು ಬಂದು 2933ರಲ್ಲಿ ಬಾರದಿದ್ದರೆ 2933ರಲ್ಲೇ ಇಟ್ಟುಕೊಳ್ಳಿ. ದಿನಬಳಕೆಯಲ್ಲಿ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೂ ಒಗ್ಗದಿದ್ದರೆ, ಬೋರ್ಡ್ ಬಿಟ್ಟುಕೊಟ್ಟರೆ, ಹಿಂದಿನ ಬಯಾಸ್‌ಗೆ ಮರಳಬಹುದು. ಭದ್ರತೆಯ ಕಾರಣಕ್ಕೆ ಕೆಲವು ಬೋರ್ಡ್‌ಗಳು ಬಿಡುವುದಿಲ್ಲ.

ರ‍್ಯಾಮ್ ಕೆಡುವುದೇ ಇಲ್ಲ ಎಂದಲ್ಲ. 2009ರಲ್ಲಿ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಇಬ್ಬರು ಸಂಶೋಧಕರು ಆ ಕಂಪನಿಯ ಸರ್ವರ್‌ಗಳ ದಾಖಲೆ ನೋಡಿದಾಗ, ವರ್ಷದಲ್ಲಿ ಶೇ. 8ರಷ್ಟು ರ‍್ಯಾಮ್‌ಗಳು ಒಂದಾದರೂ ತಪ್ಪು ಮಾಡಿದ್ದವು. ವಯಸ್ಸಾದಂತೆ ತಪ್ಪು ಹೆಚ್ಚುತ್ತಿತ್ತು. ನಿಮ್ಮ ರ‍್ಯಾಮ್ ಹಿಂದಿನಿಂದಲೂ ಅಂಚಿನಲ್ಲಿದ್ದು, ಹೊಸ ಬಯಾಸ್ ಅದನ್ನು ಬಯಲಿಗೆ ತಂದಿರಲೂಬಹುದು. ಆದರೆ ಅದನ್ನು ಹೇಳಬೇಕಾದದ್ದು ಪರೀಕ್ಷೆ. ಅಂತರ್ಜಾಲದಲ್ಲಿ ಸಿಗುವ ‘ರ‍್ಯಾಮ್ ಬೂಸ್ಟರ್’ಗಳಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ. ವಿಂಡೋಸ್ ಒಳಗೆ ಓಡುವ ತಂತ್ರಾಂಶ ಟ್ರೈನಿಂಗನ್ನು ಮುಟ್ಟಲಾರದು.

ದುಡ್ಡಿನ ಲೆಕ್ಕವೂ ಇದೆ. ದೊಡ್ಡ ತಯಾರಕರು ಡಿಡಿಆರ್4ನಿಂದ ಹಿಂದೆ ಸರಿಯತೊಡಗಿದ ಮೇಲೆ 2025ರಲ್ಲಿ ಅದರ ಬೆಲೆ ಜೋರಾಗಿ ಏರಿತು. ಚೆನ್ನಾಗಿರುವ ಹಳೆಯ ರ‍್ಯಾಮನ್ನು ಅನುಮಾನದ ಮೇಲೆ ಎಸೆಯುವ ಕಾಲ ಇದಲ್ಲ. ಸುರಕ್ಷಿತ ವೇಗದಲ್ಲಿ, ಒಂಟಿಯಾಗಿ, ಇನ್ನೊಂದು ಬೋರ್ಡಿನಲ್ಲೂ ತಪ್ಪು ತೋರಿಸಿದರೆ ಮಾತ್ರ ಅದನ್ನು ಬದಲಿಸಿ. ಬದಲಿಸುವಾಗ ಬಿಡಿಯಾಗಿ ಒಂದನ್ನು ಕೊಂಡು ಹಳೆಯದರ ಜೊತೆ ಸೇರಿಸಬೇಡಿ. ಒಂದೇ ಡಬ್ಬಿಯಲ್ಲಿ ಬರುವ ಜೋಡಿಯನ್ನೇ ಕೊಳ್ಳಿ. ಮುಂದೆ ಯಾವಾಗಲಾದರೂ ಬಯಾಸ್ ಅಪ್‌ಡೇಟ್ ಮಾಡಬೇಕಾಗಿ ಬಂದರೆ, ಅದಕ್ಕೆ ಮುಂಚೆ ಎಕ್ಸ್‌ಎಂಪಿ ಆಫ್ ಮಾಡಿಕೊಳ್ಳಿ. ಹೊಸ ಬಯಾಸ್‌ನ ಕಡತ ಬೋರ್ಡಿನ ಬಯಾಸ್ ಚಿಪ್ಪಿಗೆ ಹೋಗುವ ಮುನ್ನ ರ‍್ಯಾಮಿನಲ್ಲೇ ಇಳಿಯುತ್ತದೆ. ಅಲ್ಲಿ ಒಂದು ಬಿಟ್ ಮಗುಚಿದರೂ ಬೋರ್ಡೇ ಏಳದೆ ಹೋಗಬಹುದು.