ಬಾದಾಮ್ಯಾಗ ಸೈಟ್ ತಗೋತೀರೇನು?

ಬಾದಾಮಿ, ಐಹೊಳಿ ಕಡೆ
ಸೈಟ್ ಅಗ್ಗಕ್ಕ ಸಿಕ್ಕೈತೇನ್ರಿ?
ಹಂಗಾರ ಮೊದಲ ಕೇಳ್ರಿ:
ಗುಡಿ ಎಷ್ಟು ದೂರ ಐತಿ?

ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ
100 ಮೀಟರ್ ಒಳಗ
ಹೊಸ ಮನಿ ಕಟ್ಟಂಗಿಲ್ಲ.
ಅದರಾಚೆ ಮತ್ತ 200 ಮೀಟರ್,
ಪರವಾನಗಿ ಬೇಕ ಬೇಕು.
ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಾಗ ಮಾಡಿದ ತಿದ್ದುಪಡಿ ಇದು.

ಇಸಿ (ಋಣಭಾರ ಪತ್ರ) ತೆಗೆಸೀರಿ, ಖರೆ.
ಅದರಾಗ ಸಾಲ, ಖರೀದಿ ಕಾಣ್ತಾವ.
ಈ ನೂರು ಮೀಟರ್ ಕಾಣಂಗಿಲ್ಲ!

ಇಳಕಲ್ ಸೀರಿ ತಗೋವಾಗ
ಸೆರಗು, ಒಡಲು ಕೂಡಿಸಿದ ಜಾಗ
ಹಿಡಿದು ನೋಡ್ತೀರಲ್ಲ?
ಸೈಟಿಂದೂ ಹಂಗ ನೋಡ್ರಿ.

ಮಾರಾವ್ರು ಗೊತ್ತಿದ್ದೂ ಮುಚ್ಚಿಟ್ರ?
1882ರ ಆಸ್ತಿ ವರ್ಗಾವಣೆ ಕಾಯ್ದೆ, 55ನೇ ಕಲಂ:
ನೀವು ಸಹಜವಾಗಿ ಕಂಡುಹಿಡಿಯಲಾಗದ ಕುಂದನ್ನ
ಅವರ ಹೇಳಬೇಕು.
ಹೇಳದಿದ್ರ ಮೋಸ.

ಆದ್ರ, “ಗುಡಿ ಎದುರಿಗೇ ಇತ್ತಲ್ರೀ” ಅಂದ್ರ
ಏನ್ ಮಾಡ್ತೀರಿ?
ಸಂಚಕಾರ ಕೊಡೂಕಿಂತ ಮೊದಲ
ಸರ್ವೆ ನಂಬರ್ ಹಿಡಕೊಂಡು
ಪುರಾತತ್ವ ಇಲಾಖೆ ಕಚೇರಿಗೆ ಹೋಗ್ರಿ.